ಹಮಾಲಿ ಮೌನಪ್ಪನ ಕ್ಷೌರ

"ಏಳಲೇ ಕುರ್ಚಿ ಬಿಟ್ಟು. ನಿಮ್ಮಪ್ಪ ಮಾಡಿಸಿಟ್ಟಾನೇನಲೇ ಇದನ್ನ, ಸೂಳಿಮಗನ?"

ರೈಸ್ ಮಿಲ್ಲಿನ ದೊಡ್ಡಪ್ಪ ಸಾವುಕಾರ ಕ್ಷೌರದಂಗಡಿಯ ಬಾಗಿಲಲ್ಲಿ ನಿಂತಿದ್ದ. ಕುರ್ಚಿಯ ಮೇಲಿದ್ದವನು ಅವನದೇ ಮಿಲ್ಲಿನ ಹಮಾಲಿ, ಮಾದಿಗರ ಮೌನಪ್ಪ. ಮಗಳ ಸಂಬಂಧ ಕುದುರಿಸಲು ಮರುದಿನ ದೇವದುರ್ಗಕ್ಕೆ ಹೊರಡುವವನಿದ್ದ. ಕೇರಿಯಲ್ಲಿ ಹೆಂಡತಿ ಮೂಕಮ್ಮ ಕುರಿ ಉಣ್ಣೆಯ ಕತ್ತರಿಯಿಂದಲೇ ಅವನ ತಲೆಗೂದಲು ಕತ್ತರಿಸುತ್ತಿದ್ದಳು. ಬೀಗರೆದುರು ಹಾಗೆ ಹೋಗಲು ಮನಸ್ಸಾಗಲಿಲ್ಲ. ಅಂಗಡಿ ಖಾಲಿ ಇದ್ದುದರಿಂದ ಕ್ಷೌರಿಕ ಉರುಕುಂದಪ್ಪ "ಲಗೂನ ಕುಂದ್ರು" ಎಂದು ಕೊರಳಿಗೆ ಬಟ್ಟೆ ಸುತ್ತಿದ್ದ. ಈಗ ಕತ್ತರಿ ಹಿಡಿದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ಎಲ್ಲಾರ್ಹಂಗ ನಾನೂ ಕುಂತೀನ್ರಿ ಯಪ್ಪಾ," ಎಂದ ಮೌನಪ್ಪ.

"ನೀ ಕುಂಡಿ ಊರಿದ ಕುರ್ಚ್ಯಾಗ ನಾ ಕುಂದರಬೇಕೇನು? ಉರುಕುಂದ್ಯಾ, ಇವನ ತಲಿಗೆ ಕೈ ಹಚ್ಚಿದ್ಯಂದ್ರ ಊರಾಗಿನ ಒಂದು ಗಡ್ಡನೂ ನಿನಗ ಸಿಗಂಗಿಲ್ಲ, ನೋಡು."

ಉರುಕುಂದಪ್ಪ ಬಟ್ಟೆ ಬಿಚ್ಚಿದ. "ಇಳಿಯಪ್ಪ ಮೌನಪ್ಪ" ಎಂದವನು ಸಾವುಕಾರನ ಮುಖ ನೋಡಿ ತಿದ್ದಿಕೊಂಡ. "ಇಳಿಯಲೇ."

ಮೌನಪ್ಪ ಇಳಿದ. ಅದೇ ಮಧ್ಯಾಹ್ನ ಅದೇ ತಲೆಯ ಮೇಲೆ ಸಾವುಕಾರನ ಅಕ್ಕಿ ಚೀಲ ಹೊತ್ತು ಲಾರಿಗೆ ಏರಿಸಿದ. ಬೆವರು ಇಳಿದು ಚೀಲ ಒದ್ದೆಯಾಯಿತು. ಅದು ಯಾರಿಗೂ ಮೈಲಿಗೆ ಅನಿಸಲಿಲ್ಲ.

ತುರ್ತು ಪರಿಸ್ಥಿತಿ ಕಳೆದ ಮರುವರ್ಷದ ಮಾತು ಇದು. ಕೇರಿಯ ತಾಯಣ್ಣ ಆಗಷ್ಟೇ ವಕೀಲಿ ಓದಿ ರಾಯಚೂರಿನಲ್ಲಿ ಕರಿ ಕೋಟು ಹಾಕಿದ್ದ. ಸಂಗತಿ ಕೇಳಿ ಮೌನಪ್ಪನನ್ನು ಕೂಡಿಸಿಕೊಂಡ.

"ಮಾಮಾ, ಇದಕ್ಕ ಕಾಯ್ದೆ ಅದ. ಮುಟ್ಟಂಗಿಲ್ಲ ಅಂದವ್ರನ್ನೂ ಹಿಡೀತದ, ಮುಟ್ಟಬ್ಯಾಡ ಅಂತ ಹೇಳಿಕೊಟ್ಟವ್ರನ್ನೂ ಹಿಡೀತದ."

ಠಾಣೆಯ ಜಮೇದಾರ ಹೊಟ್ಟೆ ಹಿಡಿದು ನಕ್ಕ. "ಹಜಾಮತಿಗೆ ಕೇಸೇನಲೇ? ನಾಳೆ ಹೆಂತಿ ರೊಟ್ಟಿ ಹಾಕಲಿಲ್ಲಂದ್ರ ಅದಕ್ಕೂ ಬರ್ತಿಯೇನು?" ತಾಯಣ್ಣ ರಾಯಚೂರಿನ ದೊಡ್ಡ ಸಾಹೇಬರ ತನಕ ಹೋಗಿ ಬಂದ ಮೇಲೆ ನಗು ನಿಂತಿತು, ಕೇಸು ದಾಖಲಾಯಿತು. ಆದರೆ ಆರೋಪಿಯ ಜಾಗದಲ್ಲಿ ಉರುಕುಂದಪ್ಪನೊಬ್ಬನ ಹೆಸರಿತ್ತು. ಸಾವುಕಾರ ಆ ಹೊತ್ತಿಗೆ ಊರಲ್ಲೇ ಇರಲಿಲ್ಲವೆಂದು ಊರವರು ಹೇಳಿಕೆ ಕೊಟ್ಟಿದ್ದರು. ಅವನೇ ಮುಂದೆ ನಿಂತು ಉರುಕುಂದಪ್ಪನಿಗೆ ಜಾಮೀನಾದ. ಬಡವನ ಕೈ ಬಿಡಲಿಲ್ಲ ಎಂದು ಊರೆಲ್ಲ ಹೊಗಳಿತು. ಮಿಲ್ಲಿನ ಗೇಟು ಮೌನಪ್ಪನಿಗೆ ಮುಚ್ಚಿತು.

ಒಂದು ದಿನ ಕಾಲುವೆ ದಂಡೆಯಲ್ಲಿ ಉರುಕುಂದಪ್ಪ ಅವನ ಅಂಗಿ ಹಿಡಿದು ಜಗ್ಗಿದ.

"ನಿನ್ನ ತಲಿ ಮುಟ್ಟಾಕ ಹೋಗಿದ್ದಕ್ಕ ಸಾವುಕಾರ ಉಗುಳಿದ. ಮುಟ್ಟಲಿಲ್ಲಂತ ಸರಕಾರ ಹಿಡೀತು. ನಾ ಎಲ್ಲಿ ಬಿದ್ದು ಸಾಯಲೋ ಬೋಳಿಮಗನ?"

ಮೌನಪ್ಪ ಅಂಗಿ ಬಿಡಿಸಿಕೊಳ್ಳಲಿಲ್ಲ. ಆ ಮಾತು ಮಾತ್ರ ಒಳಗೆ ಇಳಿದು ಕೂತಿತು.

ಮಾನ್ವಿಯ ಕೋರ್ಟಿನಲ್ಲಿ ಅವನು ಕಟಕಟೆ ಹತ್ತಿದ ದಿನ ಸಾವುಕಾರ ಹಿಂದಿನ ಬೆಂಚಿನಲ್ಲಿ ಅಡಿಕೆ ಅಗಿಯುತ್ತ ಕೂತಿದ್ದ.

"ನಿನಗೆ ಕ್ಷೌರ ಮಾಡುವುದಿಲ್ಲ ಎಂದವನು ಇವನೇ ಏನು?" ಸರಕಾರಿ ವಕೀಲ ಉರುಕುಂದಪ್ಪನತ್ತ ಕೈ ತೋರಿದ.

"ಕುರ್ಚಿ ಮ್ಯಾಲಿಂದ ಇಳಿಸಿದ ಕೈ ಇವಂದ್ರಿ. ಇಳಿಸಂದ ಬಾಯಿ ಅಲ್ಲಿ ಅಡಿಕಿ ತಿನ್ನಾಕತ್ತೈತಿ ನೋಡ್ರಿ."

"ಕೇಳಿದ್ದಕ್ಕಷ್ಟೇ ಉತ್ತರ ಹೇಳು," ಎಂದರು ನ್ಯಾಯಾಧೀಶರು.

"ಕೇಳೋರು ಸರಿಯಾಗಿ ಕೇಳವಲ್ರು ಸಾಹೇಬ್ರ. ನನ್ನ ತಲಿ ಹೊತ್ತ ಅಕ್ಕಿ ಅವರ ಹೊಟ್ಟಿಗೆ ಹೋಗತದ. ಆ ತಲಿ ಅವರ ಕುರ್ಚಿಗೆ ಆಗಂಗಿಲ್ಲಂತ. ಈ ಹಡಪದ ಉರುಕುಂದಪ್ಪನ್ನ ಜೈಲಿಗೆ ಹಾಕಿದ್ರ ನನಗೇನು ಸಿಗತದ? ಕಾಯ್ದೆ ದೊಡ್ಡಪ್ಪ ಸಾವುಕಾರನ ಮನಿ ದಾರಿ ಮರ್ತದ. ಅದನ್ನೂ ಬರಕೋರಿ."

ಟೈಪ್ ಯಂತ್ರ ನಿಂತಿತ್ತು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ "ಬರೆದುಕೊಳ್ಳಿ" ಎಂದು ಮುಂದಿನ ವಾಯಿದೆ ಕೊಟ್ಟು ಎದ್ದರು. ಸಾವುಕಾರನನ್ನೂ ಆರೋಪಿ ಮಾಡಲು ಅರ್ಜಿ ಹಾಕುತ್ತೇನೆಂದು ತಾಯಣ್ಣ ಒಳಗೇ ಉಳಿದ.

ಹೊರಗೆ ಉರುಕುಂದಪ್ಪ ಬೇವಿನ ಮರದ ಕೆಳಗೆ ನಿಂತಿದ್ದ. ಕೇಸಾದ ಮೇಲೆ ಊರಿನ ಅಂಗಡಿ ಮುಚ್ಚಿ, ಕತ್ತಿಯ ಪೆಟ್ಟಿಗೆ ಹೊತ್ತು ಸಂತೆಗಳಲ್ಲಿ ಗಡ್ಡ ಕೆರೆಯುತ್ತಿದ್ದ. ಮೌನಪ್ಪ ಹೋಗಿ ಅವನೆದುರು ಕೋರ್ಟಿನ ಮೆಟ್ಟಿಲ ಮೇಲೆ ಕೂತ.

"ಬೋಳಸು."

"ಸಾವುಕಾರ ನೋಡಾಕತ್ಯಾನಲೇ."

"ಅದಕ್ಕ ಅಂದೆ."

ಉರುಕುಂದಪ್ಪ ಜೀಪಿನಲ್ಲಿ ಕೂತಿದ್ದ ಸಾವುಕಾರನತ್ತ ಒಮ್ಮೆ, ಮೌನಪ್ಪನ ನೆತ್ತಿಯತ್ತ ಒಮ್ಮೆ ನೋಡಿದ. ಆಮೇಲೆ ಕೂತು, ತಲೆಗೆ ನೀರು ತಟ್ಟಿ, ಕತ್ತಿ ಇಟ್ಟ. ಕಕ್ಷಿದಾರರು, ಚಹಾದವರು ಸುತ್ತ ನೆರೆದರು. ಬಲಗಡೆ ಬೋಳಾಗುವಷ್ಟರಲ್ಲಿ ಸಾವುಕಾರನ ಜೀಪಿನ ಡ್ರೈವರ್ ಮಂದಿಯೊಳಗೆ ನುಗ್ಗಿ ಪೆಟ್ಟಿಗೆಯನ್ನು ಒದ್ದ. ಕತ್ತಿ ಜಾರಿ ನೆತ್ತಿ ಸೀಳಿತು.

"ಇನ್ನ ಜಾಮೀನಿಲ್ಲಲೇ ನಿನಗ," ಎಂದು ಸಾವುಕಾರ ಜೀಪಿನಿಂದಲೇ ಕೂಗಿದ. "ಇವತ್ತೇ ಒಳಗ ಹೋಗತಿ."

ಉರುಕುಂದಪ್ಪ ಮಣ್ಣಿನಲ್ಲಿ ಚೆಲ್ಲಿದ ಸಾಮಾನು ಆಯುತ್ತಿದ್ದ. ತಲೆ ಎತ್ತಲಿಲ್ಲ. "ನಡೀರಿ, ಜೈಲಿಗೇ ಹೋಗೂಣು," ಎಂದ.

ಮೌನಪ್ಪ ತಲೆಗೆ ಟವೆಲ್ ಸುತ್ತಲಿಲ್ಲ. ಅರ್ಧ ಬೋಳು, ಅರ್ಧ ಕೂದಲು, ನಡುವೆ ಕಿವಿಯ ತನಕ ರಕ್ತ. ಹಾಗೆಯೇ ಬಸ್ಸು ಹತ್ತಿದ. ಯಾರೋ ನಕ್ಕರು, ಯಾರೋ ಸರಿದು ಕೂತರು. ಊರಲ್ಲಿ ಇಳಿದವನು ಕೇರಿಗೆ ಹೋಗದೆ ಮಿಲ್ಲಿನ ಗೇಟು ದಾಟಿ ಒಳಗೆ ನಡೆದು, ಲಾರಿಯ ಮುಂದೆ ಪೇರಿಸಿಟ್ಟ ಚೀಲದ ಥಪ್ಪಿಯ ಮೇಲೆ ಕೂತ.

ಚೀಲ ಹೊತ್ತು ಬರುತ್ತಿದ್ದ ಕೇರಿಯ ಹಮಾಲರು ಅವನ ತಲೆ ನೋಡಿ ನಿಂತರು. ಮೊದಲು ಒಬ್ಬ ಚೀಲ ಕೆಳಗೆ ಹಾಕಿದ. ಆಮೇಲೆ ಇನ್ನೊಬ್ಬ. ಭತ್ತ ಸುರಿಯುವವರಿಲ್ಲದೆ ಯಂತ್ರ ಬರಿದೇ ತಿರುಗತೊಡಗಿತು. ಹೊರಗೆ ಜೀಪು ಬಂದು ನಿಂತ ಸದ್ದು ಕೇಳಿಸಿತು. ಯಾರೂ ಚೀಲ ಎತ್ತಲಿಲ್ಲ.