ಲಾಲಮ್ಮ ಬಿಡದ ಖುರ್ಚಿ

ಲಾಲಮ್ಮ ಮೂವತ್ತೆರಡು ವರ್ಷ ವಾಡಿಯಿಂದ ಶಹಾಬಾದಿಗೆ ಪ್ಯಾಸೆಂಜರ್ ರೈಲಿನಲ್ಲಿ ಓಡಾಡಿದಳು. ಶಹಾಬಾದಿನ ಒಂದು ಅನುದಾನಿತ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವಳು ಗ್ರಂಥಪಾಲಕಿ. ಅಪ್ಪ ವಾಡಿ ಸ್ಟೇಷನ್ನಿನಲ್ಲಿ ಕಲ್ಲಿದ್ದಲು ಇಳಿಸಿ ಅವಳನ್ನು ಓದಿಸಿದ್ದ. ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಕೆಲಸಕ್ಕೆ ಸೇರಿದ ವರ್ಷ ಕೆಲವು ಹುಡುಗಿಯರು ಅವಳ ಕೈಯಿಂದ ಪುಸ್ತಕ ಇಸಿದುಕೊಳ್ಳುತ್ತಿರಲಿಲ್ಲ. ಮೇಜಿನ ಮೇಲೆ ಇಡಿ ಅನ್ನುತ್ತಿದ್ದರು. ಅವಳು ಇಡುತ್ತಿದ್ದಳು. ಆದರೆ ಹುಡುಗಿ ತಲೆಯೆತ್ತಿ ಮುಖ ನೋಡುವ ತನಕ ಪುಸ್ತಕದ ಮೇಲಿಟ್ಟ ಬೆರಳನ್ನು ತೆಗೆಯುತ್ತಿರಲಿಲ್ಲ.

ಲಗ್ನವಾಯಿತು, ಮಕ್ಕಳಾಗಲಿಲ್ಲ, ಗಂಡ ಬೇಗ ತೀರಿಕೊಂಡ. ಆಮೇಲೆ ಅವಳಿಗೆ ಶಾಲೆ ಬಿಟ್ಟರೆ ಬೇರೆ ಜಗತ್ತು ಉಳಿಯಲಿಲ್ಲ. ಯಾವ ಹುಡುಗಿಯಾದರೂ ಎಂಟು ದಿನ ಬರದಿದ್ದರೆ ರಿಜಿಸ್ಟರ್ ಬಗಲಲ್ಲಿಟ್ಟುಕೊಂಡು ಅವರ ಮನೆಗೆ ಹೋಗುತ್ತಿದ್ದಳು. ಪುಸ್ತಕ ವಾಪಸ್ ಬಂದಿಲ್ಲ ಎಂಬುದು ನೆಪ. ಹೊಸ್ತಿಲಲ್ಲಿ ಕುಳಿತಳೆಂದರೆ, ಮಗಳನ್ನು ಶಾಲೆಗೆ ಕಳಿಸುತ್ತೇನೆಂದು ಅಪ್ಪ ಒಪ್ಪುವವರೆಗೂ ಏಳುತ್ತಿರಲಿಲ್ಲ. ಹಾಗೆ ಮತ್ತೆ ಶಾಲೆಗೆ ಬಂದ ಹುಡುಗಿಯರು ಎಷ್ಟೋ ಮಂದಿ. ಅವರಲ್ಲೊಬ್ಬಳು ಉಮಾದೇವಿ.

ಉಮಾದೇವಿಯ ಅಪ್ಪ ವಿಠೋಬಾ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೂಲಿ. ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನೊಂದು ತಿಂಗಳಿರುವಾಗ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಲಾಲಮ್ಮ ಹುಡುಗಿಯ ಮನೆಗೆ ಹೋದಾಗ ವಿಠೋಬಾ ಎರಡು ಪುಸ್ತಕ ತಂದು ಮುಂದಿಟ್ಟ.

“ತಗೊಂಡು ಹೋಗ್ರಿ ಅಕ್ಕೋರ. ಆಕಿಗಿ ಇನ್ನ ಪುಸ್ತಕ ಯಾಕ? ಬರೋ ತಿಂಗಳ ಲಗ್ನ ಅದ.”

“ನಾ ಪುಸ್ತಕ ಒಯ್ಯಲಿಕ್ಕ ಬಂದಿಲ್ಲ, ಹುಡುಗೀನ ಕರಕೊಂಡು ಹೋಗಲಿಕ್ಕ ಬಂದೀನಿ,” ಎಂದಳು ಲಾಲಮ್ಮ.

“ಓದಿ ಏನ್ ಮಾಡ್ತಾಳರಿ?”

“ನಾ ಕುಂದ್ರೋ ಖುರ್ಚಿ ಮ್ಯಾಲ ಕುಂದರ್ತಾಳ. ನನ್ನ ನೌಕರಿ ಮುಗಿದ ದಿನ ಆ ಖುರ್ಚಿ ಆಕಿದು. ಜವಾಬ್ದಾರಿ ನಂದು.”

ವಿಠೋಬಾ ಎರಡೂ ಪುಸ್ತಕ ವಾಪಸ್ ಎತ್ತಿಕೊಂಡು, ಅವಳ ಕಾಲಿಗೆ ಬಗ್ಗಿದ. ಲಗ್ನ ನಿಂತಿತು.

ಉಮಾದೇವಿ ಪಿ.ಯು.ಸಿ. ಮುಗಿಸಿದಳು, ಬಿ.ಎ. ಮುಗಿಸಿದಳು. ಕಲಬುರಗಿಗೆ ಹೋಗಿ ಗ್ರಂಥಾಲಯ ವಿಜ್ಞಾನದ ಪದವಿಯನ್ನೂ ಪಡೆದಳು. ಊರಿಗೆ ಬಂದಮೇಲೆ ಶಾಲೆಯಲ್ಲೇ, ಹೆಸರಿಗೊಂದು ಗೌರವಧನಕ್ಕೆ, ಲಾಲಮ್ಮನ ಕೈಕೆಳಗೆ ಕೆಲಸಕ್ಕೆ ನಿಂತಳು. ಹರಿದ ಪುಸ್ತಕಗಳಿಗೆ ರಟ್ಟು ಹಾಕಿದಳು, ಹೊಸ ಪಟ್ಟಿ ತಯಾರಿಸಿದಳು. ಚಿಂಚೋಳಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲೇ ಚಂದಾಪುರದ ಆಸ್ಪತ್ರೆಯಲ್ಲಿ ನೌಕರ, ಸಾದಾ ಮನುಷ್ಯ. ಉಮಾದೇವಿಗೂ ಅವನು ಹಿಡಿಸಿದ್ದ. ಅವಳು ಲಾಲಮ್ಮನನ್ನು ಕೇಳಿದಳು.

“ಈಗ ಅಲ್ಲಿಗಿ ಹೋದ್ರ ಈ ನೌಕರಿ ಕೈ ಬಿಡ್ತದವ್ವ. ಜರಾ ತಡಿ. ಆರ್ಡರ್ ಬರಲಿ, ಆಮ್ಯಾಲ ಬೇಕಾದಂವನ್ನ ಮಾಡ್ಕೊ,” ಎಂದಳು ಲಾಲಮ್ಮ.

ಉಮಾದೇವಿ ತಡೆದಳು. ಹುಡುಗ ತಡೆಯಲಿಲ್ಲ.

ಲಾಲಮ್ಮನ ನಿವೃತ್ತಿಗೆ ಎರಡು ವರ್ಷವಿರುವಾಗ ಒಂದು ದಿನ ಸಂಸ್ಥೆಯ ಕಾರ್ಯದರ್ಶಿ ಸಂಗಮೇಶ್ವರ ಅವಳನ್ನು ಕೋಣೆಗೆ ಕರೆಸಿದರು. ಬಾಗಿಲು ಮುಚ್ಚಿದರು.

“ಕುಂದ್ರಿ ಅಕ್ಕೋರ. ಮುಂದ ಸರಕಾರದವರು ಖಾಲಿ ಹುದ್ದೆ ತುಂಬೋದು ಬಂದ್ ಮಾಡ್ತಾರಂತ ಮಾತು ನಡದದ. ನೀವು ಈಗ ಸ್ವಂತ ಖುಷೀಲೆ ನಿವೃತ್ತಿ ತಗೊಂಡ್ರ ಜಲ್ದಿ ಮಂಜೂರಿ ತಗೊಂಡು ಉಮಾದೇವಿನ್ನ ಕುಂದರಸ್ತೀವಿ. ತಡಾ ಮಾಡಿದ್ರ ನನ್ನ ಕೈಯಾಗಿಲ್ಲ. ಬಲವಂತ ಏನಿಲ್ರಿ, ವಿಚಾರ ಮಾಡ್ರಿ.”

ನಾಲ್ಕು ದಿನ ಯೋಚಿಸಿದಳು. ಪಿಂಚಣಿಯಲ್ಲಿ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಆ ನಾಲ್ಕೂ ದಿನ ಉಮಾದೇವಿ ಅವಳ ಎದುರಿಗೇ ಕುಳಿತು ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದಳು. ವಾಡಿಯ ಮನೆಯಲ್ಲಿ ಬೆಳಗಿನ ಎಂಟು ಗಂಟೆ ಹೇಗಿರುತ್ತದೆಂದು ಲಾಲಮ್ಮ ಕಲ್ಪಿಸಿಕೊಂಡಳು. ರೈಲಿಗೆ ಓಡಬೇಕಿಲ್ಲ. ಅಕ್ಕೋರ ಎಂದು ಕರೆಯುವ ದನಿಯಿಲ್ಲ. ಒಂದು ಸ್ಟವ್ವು, ಒಂದು ತಟ್ಟೆ. ಐದನೆಯ ದಿನ ಸಂಗಮೇಶ್ವರರ ಬಳಿ ಹೋಗಿ, “ಮಕ್ಕಳನ್ನ ನಡುವ ಕೈ ಬಿಟ್ಟು ಹ್ಯಾಂಗ ಹೋಗ್ಲಿ ಸರ್? ಇನ್ನ ಎರಡ ವರ್ಷ. ಅದು ಬರೇ ಮಾತೇ ಇರಬಹುದು, ಬಂದ್ ಏನೂ ಆಗಲಿಕ್ಕಿಲ್ಲ,” ಎಂದಳು. ಉಮಾದೇವಿಗೆ ಈ ಮಾತು ತಿಳಿಸಬೇಡಿ ಎಂದು ಹೇಳಲೂ ಇಲ್ಲ. ತಾನೂ ತಿಳಿಸಲಿಲ್ಲ.

ಎರಡು ವರ್ಷ ಕಳೆಯಿತು. ಶಾಲು, ಹಾರ, ಫೋಟೋ ಎಲ್ಲ ಆಯಿತು. ಹುದ್ದೆ ಖಾಲಿಯಾಯಿತು, ಖಾಲಿಯೇ ಉಳಿಯಿತು. ಉಮಾದೇವಿ ಅದೇ ಗೌರವಧನದ ಮೇಲೆ ಗ್ರಂಥಾಲಯ ನಡೆಸಿದಳು. ಅರ್ಜಿ ಬರೆದಳು, ಜ್ಞಾಪನಾ ಪತ್ರ ಬರೆದಳು, ಬೆಂಗಳೂರಿಗೆ ಮೂರು ಸಲ ಹೋಗಿಬಂದಳು. ಲಾಲಮ್ಮ ವಾಡಿಯಿಂದ ಬಂದಾಗಲೆಲ್ಲ, “ಬರ್ತದ, ಧೈರ್ಯ ಬಿಡಬ್ಯಾಡ,” ಅನ್ನುತ್ತಿದ್ದಳು. ವಿಠೋಬಾ ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು, ಕೆಮ್ಮಿ ಕೆಮ್ಮಿ ಸತ್ತ. ಕೊನೆಗೆ ಉಮಾದೇವಿಯ ವಯಸ್ಸೂ ನೌಕರಿಯ ಮಿತಿಯನ್ನು ದಾಟಿತು.

ಲಾಲಮ್ಮನಿಗೆ ಎಪ್ಪತ್ತು ತುಂಬಿದಾಗ ಹಳೆಯ ವಿದ್ಯಾರ್ಥಿನಿಯರು ಸನ್ಮಾನ ಇಟ್ಟುಕೊಂಡರು. ಸೇಡಂನಲ್ಲಿ ವಕೀಲಿ ಮಾಡುವ ರಾಜೇಶ್ವರಿ ಮುಂದೆ ನಿಂತು ಎಲ್ಲರನ್ನೂ ಸೇರಿಸಿದಳು. ಚಿತ್ತಾಪುರದಿಂದ, ಆದಿತ್ಯನಗರದಿಂದ, ಹೈದರಾಬಾದಿನಿಂದ ಹೆಣ್ಣುಮಕ್ಕಳು ಬಂದರು. ಡಾಕ್ಟರಾದವರಿದ್ದರು, ಟೀಚರಾದವರಿದ್ದರು, ಒಬ್ಬಳು ಸಬ್‌ಇನ್‌ಸ್ಪೆಕ್ಟರ್ ಇದ್ದಳು. ಮಾನಪತ್ರ ಬರೆದವಳು ಉಮಾದೇವಿ. ಅವಳೇ ವೇದಿಕೆಯ ಮೇಲೆ ನಿಂತು ಅದನ್ನು ಓದಿದಳು. “ನಮ್ಮ ಮನೆಯ ಹೊಸ್ತಿಲಲ್ಲಿ ಕುಳಿತು ನಮ್ಮ ಬಾಳನ್ನು ನಮಗೆ ವಾಪಸ್ ಕೊಡಿಸಿದವರು” ಎಂಬ ಸಾಲಿಗೆ ಬಂದಾಗ ಅವಳು ತಲೆಯೆತ್ತಿ ಲಾಲಮ್ಮನತ್ತ ನೋಡಿದಳು. ಸಭೆ ಚಪ್ಪಾಳೆ ತಟ್ಟಿತು.

ಆಮೇಲೆ ಸಂಗಮೇಶ್ವರ ಮಾತಾಡಿದರು. ಈಗ ಅವರಿಗೂ ವಯಸ್ಸಾಗಿತ್ತು. ಹೊಗಳಬೇಕೆಂಬ ತುಂಬು ಮನಸ್ಸಿನಿಂದಲೇ ನಿಂತಿದ್ದರು.

“ಈ ಅಕ್ಕೋರ ಎಂಥವರಂದ್ರ, ನಾನೇ ಒಂದಿನ ಕರದು ಹೇಳಿದ್ದೆ. ಎರಡು ವರ್ಷ ಮೊದಲೇ ನಿವೃತ್ತಿ ತಗೋರಿ, ಹುದ್ದೆ ಬಂದ್ ಆಗೋದ್ರಾಗ ಈ ಉಮಾದೇವಿನ್ನ ತಗೊಂಡು ಬಿಡ್ತೀವಿ ಅಂತ. ಬೇರೆಯವರಾದ್ರ ಆರಾಮ ಸಿಗ್ತದಂತ ಹೋಗ್ತಿದ್ರು. ಇವರು ಏನಂದ್ರು ಗೊತ್ತೇನು? ಮಕ್ಕಳನ್ನ ಕೈ ಬಿಟ್ಟು ಹೋಗಂಗಿಲ್ಲ ಅಂದ್ರು! ಇದಕ್ಕ ಅಂತಾರ ಸೇವಾ!”

ಮತ್ತೆ ಚಪ್ಪಾಳೆ. ಉಮಾದೇವಿ ವೇದಿಕೆಯ ಬದಿಯಲ್ಲಿ ಮಾನಪತ್ರದ ಚೌಕಟ್ಟು ಹಿಡಿದು ನಿಂತಿದ್ದಳು. ಲಾಲಮ್ಮ ಅವಳ ಕಡೆ ನೋಡಲಿಲ್ಲ, ಕೊರಳಿನ ಹಾರವನ್ನು ಸರಿ ಮಾಡಿಕೊಂಡಳು. ರಾಜೇಶ್ವರಿ ಮೈಕಿನಲ್ಲಿ ಊಟಕ್ಕೆ ಏಳಬೇಕೆಂದು ಎಲ್ಲರಿಗೂ ಹೇಳಿದಳು.

ಸಭೆ ಚದುರಿದ ಮೇಲೆ ಉಮಾದೇವಿ ಹತ್ತಿರ ಬಂದಳು.

“ಸರ್ ಹೇಳಿದ್ದು ಖರೇ ಏನ್ರಿ ಅಕ್ಕೋರ?”

“ಖರೇ.”

“ನನಗ್ಯಾಕ ಹೇಳಲಿಲ್ಲ?”

ಲಾಲಮ್ಮನಿಗೆ ಹೇಳಬಹುದಾದ ಸುಳ್ಳುಗಳು ಹಲವಿದ್ದವು. ಮಕ್ಕಳಿಗಾಗಿ ಉಳಿದೆ ಅನ್ನಬಹುದಿತ್ತು. ಹುದ್ದೆ ಬಂದ್ ಆಗುತ್ತದೆಂದು ತಿಳಿದಿರಲಿಲ್ಲ ಅನ್ನಬಹುದಿತ್ತು.

“ಹೇಳಿದ್ರ ನೀ ಖುರ್ಚಿ ಕೇಳ್ತಿದ್ದಿ,” ಎಂದಳು. “ನೀ ಕೇಳಿದ್ರ ನಾ ಬಿಡಬೇಕಾಗ್ತಿತ್ತು.”

ಉಮಾದೇವಿ ಚೌಕಟ್ಟನ್ನು ಖುರ್ಚಿಗೆ ಒರಗಿಸಿ ಇಟ್ಟಳು. “ಊಟ ಮಾಡ್ರಿ. ನಿಮ್ಮ ಸಲುವಾಗಿ ಎಲ್ಲರೂ ಕಾಯಾಕತ್ತಾರ,” ಎಂದು ಹೊರಗೆ ಹೋದಳು. ಮರುದಿನ ಗ್ರಂಥಾಲಯದ ಕೀಲಿಯನ್ನು ಹೆಡ್‌ಮಾಸ್ಟರರಿಗೆ ಕೊಟ್ಟು, ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಚೀಲದ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಂಡಳು.

ಹದಿನೈದು ದಿನದ ಮೇಲೆ ಲಾಲಮ್ಮ ಉಮಾದೇವಿಯ ಮನೆಗೆ ಹೋದಳು. ಉಮಾದೇವಿ ಮಿಲ್ಲಿನಿಂದ ಇನ್ನೂ ಬಂದಿರಲಿಲ್ಲ. ತಾಯಿ ಹೀರಾಬಾಯಿ ಚಾಪೆ ಹಾಸಿ ಕೂಡಿಸಿ ಚಹಾ ಮಾಡಿದಳು.

“ನೀವು ದೇವರಂಥವರು ಅಕ್ಕೋರ. ನೌಕರಿ ಹಣೇಬರದಾಗ ಇರಲಿಲ್ಲ, ಅದಕ್ಕ ನೀವೇನ್ ಮಾಡ್ತೀರಿ? ಆಕಿ ಅಪ್ಪ ಸಾಯೋ ತನಕ ನಿಮ್ಮ ಹೆಸರು ಹೇಳ್ತಿದ್ದ.”

ಮಗಳು ತಾಯಿಗೆ ಏನೂ ಹೇಳಿಲ್ಲವೆಂದು ಲಾಲಮ್ಮನಿಗೆ ಆಗ ತಿಳಿಯಿತು. ಆ ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಕೋಣೆಗೆ ಕರೆದದ್ದು, ನಾಲ್ಕು ದಿನ ಯೋಚಿಸಿದ್ದು, ಒಲ್ಲೆ ಅಂದದ್ದು. ಹೀರಾಬಾಯಿ ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಯ್ಯಲಿಲ್ಲ. ಎದ್ದು ಹೋಗಿ ಒಲೆಯ ಮುಂದೆ, ಈಚೆ ಬೆನ್ನು ಮಾಡಿ ಕುಳಿತಳು.

ಲಾಲಮ್ಮ ಹೊರಗೆ ಬಂದಾಗ ಉಮಾದೇವಿ ಓಣಿಯಲ್ಲಿ ಎದುರಾದಳು. ಕೂದಲಲ್ಲಿ ಬೇಳೆಯ ಹೊಟ್ಟು ಅಂಟಿತ್ತು. ಬಾಗಿಲಿನಾಚೆ ತಾಯಿ ಅಳುವುದು ಅವಳಿಗೂ ಕೇಳಿಸಿತು.

“ಅವ್ವಗ ಹೇಳಿದ್ರೇನು?”

“ಮನಸ್ಸು ತಡೀಲಿಲ್ಲವ್ವ. ಹೇಳಿ ಹಗುರ ಆದೆ.”

“ಹಗುರ ಆಗಲಿಕ್ಕೆ ನಿಮಗ ನಮ್ಮ ಮನೀನೇ ಬೇಕಾಯ್ತು,” ಎಂದಳು ಉಮಾದೇವಿ. “ನನಗಂತೂ ಏನೂ ಉಳಿದಿಲ್ಲ. ಅವ್ವಗ ಒಬ್ಬರ ಮ್ಯಾಲರೆ ನಂಬಿಕಿ ಇತ್ತು. ಅದನ್ನೂ ತಗೊಂಡ್ರಿ.” ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಅವರಿಬ್ಬರೂ ಭೇಟಿಯಾಗಲಿಲ್ಲ.

ಶಾಲೆಯಲ್ಲಿ ಗ್ರಂಥಾಲಯಕ್ಕೆ ಬೀಗ ಬಿತ್ತು. ಒಂದೂವರೆ ತಿಂಗಳ ನಂತರ ಹೆಡ್‌ಮಾಸ್ಟರರು ಫೋನ್ ಮಾಡಿದರು. “ಉಮಾದೇವಿ ಬಿಟ್ಟು ಹೋದ ಮ್ಯಾಲ ಯಾರೂ ಸಿಗವಲ್ರು ಅಕ್ಕೋರ. ಹುಡುಗ್ಯಾರು ಪುಸ್ತಕ ಕೇಳಾಕತ್ತಾರ. ನಿಮಗ ತ್ರಾಸ ಇಲ್ಲಂದ್ರ ದಿನಾ ಎರಡ ತಾಸು ಬಂದು ಕುಂದರ್ತೀರೇನು?”

ಇಲ್ಲ ಅನ್ನಬೇಕೆಂದು ಲಾಲಮ್ಮನಿಗೆ ತಿಳಿದಿತ್ತು. ಉಮಾದೇವಿಯನ್ನೇ ಹೋಗಿ ಕೇಳಿರಿ, ಅವಳ ಕಾಲು ಹಿಡಿಯಿರಿ, ಹುದ್ದೆಗಾಗಿ ನಾಲ್ಕು ಮಂದಿ ಸೇರಿ ಜಗಳಾಡಿರಿ ಅನ್ನಬೇಕಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಈ ಒಂದೂವರೆ ತಿಂಗಳಲ್ಲಿ ಅವಳ ಮನೆಗೆ ಯಾರೂ ಬಂದಿರಲಿಲ್ಲ.

“ಸೋಮವಾರದಿಂದ ಬರ್ತೀನ್ರಿ,” ಎಂದಳು.