ಕಸದ ಚೀಲದ ಗಂಟು

"ಏಯ್ ಮುಂಡೇದೇ, ಬೆರಳಿನ ಗುರುತು ಬಿತ್ತು ನೋಡು! ಒರೆಸೇ!"

ಮ್ಯಾನೇಜರು ಕೂಗಿದ್ದು ನನಗೆ. ವಾರ್ಡಿನ ಬಾಗಿಲ ಬಳಿಯಿದ್ದ ಹೊಸ ಆಕ್ಸಿಜನ್ ಮಷೀನನ್ನು ಬೆಳಗಿನಿಂದ ಮೂರನೇ ಸಲ ಒರೆಸುತ್ತಿದ್ದೆ. ಅದು ಬಂದು ಮೂರು ದಿನವಾಗಿತ್ತು. ಸುತ್ತಲೂ ಕೆಂಪು ರಿಬ್ಬನ್ ಬಿಗಿದಿತ್ತು. ದಾನ ಕೊಟ್ಟ ಯಜಮಾನರು ಬಂದು ಕತ್ತರಿಸುವವರೆಗೆ ಯಾರೂ ಅದನ್ನು ಬಳಸಕೂಡದು. ಅವರು ಬರುವುದು ಹನ್ನೆರಡಕ್ಕಂತೆ, ಈಗಿನ್ನೂ ಹನ್ನೊಂದು.

ಮೂರನೇ ಮಂಚದಲ್ಲಿ ನನ್ನ ಅಕ್ಕ ಮಲಗಿದ್ದಳು. ಹದಿನಾಲ್ಕು ವರ್ಷ ಇದೇ ಆಸ್ಪತ್ರೆಯ ಚಾದರ ಒಗೆದವಳು. ಕಿಟಕಿಯಿಲ್ಲದ ಕೋಣೆಯಲ್ಲಿ ಬ್ಲೀಚಿಂಗ್ ಪೌಡರಿನ ಗಾಳಿ ಕುಡಿದೂ ಕುಡಿದೂ ಎದೆ ಹಾಳಾಗಿತ್ತು. ಅವಳ ತಲೆಯ ಬಳಿಯ ಆಕ್ಸಿಜನ್ ಸಿಲಿಂಡರಿನ ಮೀಟರ್ ಮುಳ್ಳು ಕೆಂಪು ಗೆರೆಗೆ ಇಳಿದಿತ್ತು. ಬೇರೆ ಸಿಲಿಂಡರ್ ತರುವ ಗಾಡಿ ಮಧ್ಯಾಹ್ನದ ಮೇಲೆ. ಆ ದಿನ ನಾನು ನೆಲ ನೋಡಿದ್ದಕ್ಕಿಂತ ಆ ಮುಳ್ಳು ನೋಡಿದ್ದೇ ಹೆಚ್ಚು.

ನಮ್ಮದು ದಾನದಿಂದ ನಡೆಯುವ ಆಸ್ಪತ್ರೆ. ಸುಳ್ಳು ಹೇಳಬಾರದು, ದಾನ ಕೊಡುವವರಿಲ್ಲದಿದ್ದರೆ ನಮ್ಮಂಥವರು ಬೀದಿಯಲ್ಲೇ ಸಾಯುತ್ತಿದ್ದೆವು. ಒಂದೊಂದು ಮಂಚಕ್ಕೂ ಕೊಟ್ಟವರ ಹೆಸರಿನ ಹಿತ್ತಾಳೆ ಫಲಕವಿದೆ. ದಿನಾ ಅದನ್ನು ತಿಕ್ಕಿ ಬೆಳಗುವವಳು ನಾನೇ. ಮಲಗಿದವರಿಗೆ ಮಾತ್ರ ಬರೀ ನಂಬರು.

"ಸಾರ್, ಗಾಳಿ ಮುಗೀತಾ ಬಂತು. ಸ್ವಲ್ಪ ಹೊತ್ತು ಇದನ್ನ ಅಕ್ಕನಿಗೆ ಹಾಕಿ, ಅವರು ಬರೋದ್ರೊಳಗೆ ಹೀಗೇ ಇಟ್ಬಿಡ್ತೀನಿ."

"ಯಜಮಾನ್ರು ಕೊಟ್ಟಿರೋದು ನಿಮ್ಮಕ್ಕ ಎಂಜಲು ಮಾಡ್ಲಿ ಅಂತಾನಾ? ಬಾಯಿ ಮುಚ್ಕೊಂಡು ಒರೆಸು. ಇಲ್ಲಾಂದ್ರೆ ಇಬ್ಬರನ್ನೂ ಗೇಟಿನಾಚೆ ಎಸೀತೀನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹೆದರಿ ನುಂಗಿಕೊಂಡೆ. ಮ್ಯಾನೇಜರು ಗೇಟಿನ ಕಡೆ ಹೋದರು.

"ಲೇ... ಉಸಿರು ಬರ್ತಿಲ್ಲ ಕಣೇ..."

ಅಕ್ಕನ ತುಟಿ ನೀಲಿಯಾಗಿತ್ತು. ನರ್ಸಮ್ಮ ಓಡಿ ಬಂದು ಸಿಲಿಂಡರಿನ ತಿರುಪು ಪೂರ್ತಿ ತಿರುಗಿಸಿದಳು. ಏನೂ ಬರಲಿಲ್ಲ.

"ಆ ರಿಬ್ಬನ್ ಬಿಚ್ಚೇ, ಆಮೇಲೆ ಕಟ್ಟಿದ್ರಾಯ್ತು," ಎಂದು ನರ್ಸಮ್ಮ ಪಿಸುಗುಟ್ಟಿದಳು. "ಯಾರಿಗೂ ಗೊತ್ತಾಗಲ್ಲ."

ಮಷೀನಿನ ವೈರನ್ನು ಸುತ್ತಿ, ಅದರ ಮೇಲೇ ರಿಬ್ಬನ್ ಬಿಗಿದವಳು ನಾನೇ. ನನಗೆ ಬರುವುದು ಒಂದೇ ಗಂಟು, ಕಸದ ಚೀಲದ ಗಂಟು. ಬಳಸಿದ ಸೂಜಿ, ರಕ್ತದ ಹತ್ತಿ ಚೆಲ್ಲಬಾರದೆಂದು ಕಲಿಸಿದ್ದು. ಒಮ್ಮೆ ಬಿಗಿದರೆ ಬಿಚ್ಚುವುದಿಲ್ಲ. ಉಗುರು ಹಾಕಿದೆ, ಹಲ್ಲು ಹಾಕಿದೆ. ಜಗ್ಗಿದಷ್ಟೂ ಬಿಗಿಯಿತು. ಹಾಳಾದ ಕೈಯೇ, ಒಂದು ಹೂಗಂಟು ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು! ಹಿಂದೆ ಅಕ್ಕ ಕಾಲಿನಿಂದ ಮಂಚ ಒದೆಯುವ ಸದ್ದು. ಒಂದೊಂದು ಒದೆಗೂ ಜೀವ ಹೋದಂತಾಯಿತು. ಆಮೇಲೆ ಆ ಸದ್ದೂ ನಿಂತಿತು.

ಪಕ್ಕದ ಮೇಜಿನ ಮೇಲೆ ಬೆಳ್ಳಿ ತಟ್ಟೆಯಲ್ಲಿ ಯಜಮಾನರ ಕತ್ತರಿ ಇತ್ತು.

ಕಚಕ್ಕೆಂದು ಕತ್ತರಿಸಿದೆ. ರಿಬ್ಬನ್ ನೆಲಕ್ಕೆ ಬಿತ್ತು. ಮಂಚದ ಬಳಿಗೆ ಮಷೀನು ತಳ್ಳಿ ವೈರು ಚುಚ್ಚಿದೆ, ನರ್ಸಮ್ಮ ಕೊಳವೆ ಸಿಕ್ಕಿಸಿದಳು. ಮಷೀನು ಗುಂಯ್ ಎಂದಿತು. ಎಷ್ಟೋ ಹೊತ್ತಿನ ಮೇಲೆ ಅಕ್ಕನ ಎದೆ ಒಮ್ಮೆ ಎದ್ದಿತು. ಮತ್ತೊಮ್ಮೆ ಎದ್ದಿತು. ನಾನು ಅತ್ತುಬಿಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದು. ಯಜಮಾನರು ಹೊತ್ತಿಗೆ ಮುಂಚೆಯೇ ಬಂದಿದ್ದರು, ಹಿಂದೆ ಫೋಟೋದವನು. ಮ್ಯಾನೇಜರು ನೆಲದ ರಿಬ್ಬನ್ ನೋಡಿದರು, ನನ್ನ ಕೈಯ ಕತ್ತರಿ ನೋಡಿದರು.

"ಎರಡೇ ನಿಮಿಷ ಸಾರ್," ಎಂದು ಯಜಮಾನರಿಗೆ ಹಲ್ಲು ಕಿರಿದು, ನನ್ನ ಕಿವಿಯ ಹತ್ತಿರ ಬಂದರು. "ಆರಿಸೇ ಬೇವರ್ಸಿ. ವೈರು ಕಿತ್ತು ಬೇರೆ ರಿಬ್ಬನ್ ಕಟ್ಟು."

ಯಜಮಾನರು ಅಕ್ಕನನ್ನು ನೋಡಲಿಲ್ಲ. ಕೈಗಡಿಯಾರ ನೋಡಿಕೊಂಡರು.

ನಾನು ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತೆ.

"ಬೇಕಾದ್ರೆ ನನ್ನ ಸುತ್ತ ಕಟ್ಟಿ ಸಾರ್ ರಿಬ್ಬನ್ನು. ವೈರು ಮಾತ್ರ ಕೀಳಲ್ಲ."

ಮ್ಯಾನೇಜರ ಕೈ ನನ್ನ ಸೊಂಟದ ಪಕ್ಕದಿಂದ ಪ್ಲಗ್ಗಿನತ್ತ ಬಂತು. ನಾನು ಕತ್ತರಿ ಎತ್ತಿದೆ. ಫೋಟೋದವನ ಕ್ಯಾಮೆರಾ ಫಳ್ಳನೆ ಮಿಂಚಿತು.