ಬುಧವಾರದ ಕೆಂಪು ಚೀಟಿ

"ನಿಮ್ಮ ಅರ್ಜಿ ನಮಗೆ ತಲುಪಿದ್ದು ನವೆಂಬರ್ ಇಪ್ಪತ್ತೈದಕ್ಕೆ," ಎಂದು ಕೌನ್ಸಿಲ್ಲಿನ ಮಿಸೆಸ್ ಕಾರ್ಟರ್ ಮೂರನೆಯ ಸಲ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕೊನೆಯ ಬಸ್ಸು ಹೋಯಿತು ಎಂದು ಹೇಳುವವರ ತಣ್ಣನೆಯ ಸಮಾಧಾನವಿತ್ತು, ಅಷ್ಟೇ.

"ಇಪ್ಪತ್ತಕ್ಕೆ, ಬುಧವಾರ, ನಾನೇ ನಿಮ್ಮ ಕೌಂಟರಿನಲ್ಲಿ ಕೊಟ್ಟಿದ್ದೇನೆ," ಎಂದು ನೀಲವ್ವ ಕೂಡ ಮೂರನೆಯ ಸಲ ಹೇಳಿದಳು. ಅವಳ ಇಂಗ್ಲಿಷು ಅಡುಗೆಮನೆಯಲ್ಲಿ ಕಲಿತದ್ದು. ವಾಕ್ಯ ಹಿಂದುಮುಂದಾದರೂ ತಾರೀಕು ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ. ಹೀಥ್ರೂ ಪಕ್ಕದಲ್ಲಿ ವಿಮಾನಗಳಿಗೆ ಊಟ ಕಟ್ಟುವ ಆ ದೊಡ್ಡ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳಿಗೆ ತಾರೀಕು ತಪ್ಪುವುದೆಂದರೆ ಮುನ್ನೂರು ಜನರ ಹೊಟ್ಟೆ ಕೆಡುವುದು ಎಂದೇ ಅರ್ಥ.

ಪಕ್ಕದ ಕುರ್ಚಿಯಲ್ಲಿ ಗಂಡ ಶರಣಪ್ಪ ಉಣ್ಣೆಯ ಟೊಪ್ಪಿಗೆಯನ್ನು ಮೊಳಕಾಲ ಮೇಲಿಟ್ಟುಕೊಂಡು ಹಿಂಡುತ್ತಿದ್ದ. ಅವನಿಗೆ ಕೌನ್ಸಿಲ್ ಕಚೇರಿಯ ಈ ಕೋಣೆಗೆ ಬರುವುದೇ ಬೇಡವಾಗಿತ್ತು.

ವಿಷಯ ಇಷ್ಟೇ. ಪಶ್ಚಿಮ ಲಂಡನ್ನಿನಲ್ಲಿ ಕೌನ್ಸಿಲ್, ಎಂದರೆ ಅಲ್ಲಿನ ನಗರಸಭೆ, ಬಾಡಿಗೆಗೆ ಕೊಡುವ ಫ್ಲ್ಯಾಟೊಂದರ ಮೂರನೆಯ ಮಹಡಿಯಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ಬಾಡಿಗೆಗಿದ್ದರು. ಇಷ್ಟು ವರ್ಷ ಇದ್ದವರು ಅದೇ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳಬಹುದು. ಆದರೆ ಆ ರಿಯಾಯಿತಿಗೆ ಸರ್ಕಾರ ಕತ್ತರಿ ಹಾಕಿತ್ತು. ಇಪ್ಪತ್ತನೇ ತಾರೀಕಿನೊಳಗೆ ಅರ್ಜಿ ತಲುಪಿದರೆ ಹಳೆಯ ರಿಯಾಯಿತಿ, ಒಂದು ದಿನ ತಡವಾದರೂ ಹೊಸದು. ಹಳೆಯದು ಸಿಕ್ಕರೆ ಮಗಳು ಪ್ರಿಯಾಂಕಾಳ ಹೆಸರೂ ಸೇರಿಸಿ ಬ್ಯಾಂಕು ಸಾಲ ಕೊಡುತ್ತಿತ್ತು. ಹೊಸದಾದರೆ ಆ ಮನೆಯ ಆಸೆಯನ್ನು ಈ ಜನ್ಮಕ್ಕೆ ಬಿಟ್ಟಂತೆಯೇ.

ಅರ್ಜಿ ಕೊನೆಯ ದಿನದವರೆಗೆ ಯಾಕೆ ನಿಂತಿತು ಎಂಬುದು ಶರಣಪ್ಪನ ಹೊಟ್ಟೆಯೊಳಗಿನ ಮುಳ್ಳು. ಪ್ರಿಯಾಂಕಾ ಒಂದು ವಾರ ಮೊದಲೇ ಎಲ್ಲ ತುಂಬಿ ಸಹಿ ಹಾಕಿಸಿದ್ದಳು. ಇವನು ಅದನ್ನು ದೇವರ ಜಗಲಿಯ ಮೇಲಿಟ್ಟು, ಮನೆಯ ವಿಚಾರ, ಬುಧವಾರ ಚಲೋ ದಿನ, ಅವತ್ತೇ ಕೊಡೋಣ ಎಂದು ಹಟ ಹಿಡಿದ. ಬುಧವಾರ ಬೆಳಗ್ಗೆ ಲಕೋಟೆಯ ಮೂಲೆಗೆ ವಿಭೂತಿ ಹಚ್ಚಿ ಹೆಂಡತಿಯ ಕೈಗೆ ಕೊಟ್ಟ. ಅವಳು ಕೆಲಸ ಮುಗಿಸಿಕೊಂಡು, ಯೂನಿಫಾರ್ಮಿನಲ್ಲೇ ಹೋಗಿ ಕೌಂಟರಿನಲ್ಲಿ ಕೊಟ್ಟು ಬಂದಳು. ರಸೀದಿ ಕೇಳಿದ್ದಕ್ಕೆ ಅಲ್ಲಿದ್ದ ಹುಡುಗಿ, ಯಂತ್ರ ಕೆಟ್ಟಿದೆ, ಚಿಂತೆ ಮಾಡಬೇಡಿ ಎಂದಿದ್ದಳು.

ಅರ್ಜಿ ತಡವಾಗಿ ತಲುಪಿತು ಎಂದು ಕೌನ್ಸಿಲ್ಲಿನಿಂದ ಕಾಗದ ಬಂದಾಗ ನೀಲವ್ವ ಮೊದಲ ದೂರು ಬರೆದಳು. ಅದಕ್ಕೆ ಎರಡು ತಿಂಗಳ ಮೇಲೆ ಉತ್ತರ ಬಂತು. ಉತ್ತರ ತಡವಾದದ್ದಕ್ಕೆ ಕ್ಷಮೆ ಇತ್ತು, ತಾರೀಕು ಮಾತ್ರ ಇಪ್ಪತ್ತೈದೇ. ಎರಡನೆಯ ದೂರು ಬರೆಯಲು ಕೂತಾಗ ಶರಣಪ್ಪ ಪೆನ್ನನ್ನೇ ಕಸಿದುಕೊಂಡಿದ್ದ.

"ಬ್ಯಾಡ ನೀಲವ್ವ. ಇವರ್ನ ಎದುರು ಹಾಕ್ಕೊಂಡ್ರ ಇದ್ದ ಮನೀನೂ ಬಿಡಸ್ತಾರ."

"ಇಪ್ಪತ್ತೆರಡು ವರ್ಷ ಬಾಡಿಗಿ ತುಂಬೀವ್ರಿ. ನಾ ಭಿಕ್ಷಾ ಬೇಡಾಕ ಹೊಂಟಿಲ್ಲ, ಕೇಳಾಕ ಹೊಂಟೀನಿ," ಎಂದು ಅವಳು ಪೆನ್ನು ವಾಪಸು ತೆಗೆದುಕೊಂಡಿದ್ದಳು. ಹಾಗೆ ಕೇಳಿ ಕೇಳಿಯೇ ಏಪ್ರಿಲ್‌ನ ಈ ಗುರುವಾರ ಇಲ್ಲಿಯವರೆಗೆ ಬಂದದ್ದು.

ಮಿಸೆಸ್ ಕಾರ್ಟರ್ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದರು. ಸ್ಕ್ಯಾನ್ ಮಾಡಿದ ಅರ್ಜಿಯ ಮೇಲೆ ಇಪ್ಪತ್ತೈದರ ಮುದ್ರೆ ಕಣ್ಣಿಗೆ ಹೊಡೆಯುವ ಹಾಗಿತ್ತು. ನೀಲವ್ವ ಅದನ್ನು ನೋಡಿದಳು, ಒಪ್ಪಲಿಲ್ಲ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಮುಚ್ಚಳ ತೆಗೆದು ನೋಡಿಯೇ ನಂಬುವವಳು ಅವಳು.

ಇದು ಬೇಡ, ನಾನು ಕೊಟ್ಟ ಕಾಗದವನ್ನೇ ತೋರಿಸಿ ಎಂದಳು. ಅದು ಕೆಳಗಿನ ಕೋಣೆಯಲ್ಲಿದೆ, ನೋಡಿದರೂ ಬೇರೆ ಏನೂ ಸಿಗುವುದಿಲ್ಲ ಎಂದರು ಮಿಸೆಸ್ ಕಾರ್ಟರ್. ಕಾಯುತ್ತೇನೆ ಎಂದು ನೀಲವ್ವ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕೋಟು ಬಿಚ್ಚಿದ ಹೆಂಗಸು ಸುಮ್ಮನೆ ಎದ್ದು ಹೋಗುವುದಿಲ್ಲ ಎಂಬುದು ಆ ಅಧಿಕಾರಿಗೂ ಅರ್ಥವಾಗಿರಬೇಕು. ಫೈಲು ತರಲು ಎದ್ದು ಹೋದರು.

ಕಾಲು ಗಂಟೆಯ ಮೇಲೆ ಒಂದು ತೆಳು ಫೈಲು ಬಂತು. ಅರ್ಜಿಯ ಹಿಂದೆ ಖಾಲಿ ಲಕೋಟೆಯನ್ನೂ ಪಿನ್ನು ಹೊಡೆದು ಇಟ್ಟಿದ್ದರು. ಅದನ್ನು ಯಾರೂ ಸ್ಕ್ಯಾನ್ ಮಾಡಿರಲಿಲ್ಲ. ಮೂಲೆಯಲ್ಲಿದ್ದ ಮಾಸಲು ವಿಭೂತಿಯ ಗುರುತನ್ನು ಮೊದಲು ಕಂಡವನು ಶರಣಪ್ಪ. ತನ್ನದೇ ಬೆರಳಿನ ಗುರುತು. ಅವನು ಮುಖ ತಿರುಗಿಸಿಕೊಂಡ.

ನೀಲವ್ವ ಲಕೋಟೆಯನ್ನು ಮಗುಚಿದಳು. ಹಿಂಬದಿಯಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಕೆಂಪು ಚೀಟಿ ಅಂಟಿಕೊಂಡಿತ್ತು. ಅದನ್ನು ಕಂಡು ಅವಳಿಗೆ ನಗು ಉಕ್ಕಿತು, ತಡೆದುಕೊಳ್ಳಲೂ ಹೋಗಲಿಲ್ಲ.

ಅವಳ ಅಡುಗೆಮನೆಯಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಬಣ್ಣದ ಚೀಟಿ. ಬುಧವಾರಕ್ಕೆ ಕೆಂಪು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಪ್ರತಿ ಟ್ರೇಗೂ ಚೀಟಿ ಅಂಟಬೇಕು. ತಾರೀಕು, ವೇಳೆ, ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ. ದಿನಕ್ಕೆ ಇನ್ನೂರು ಸಲ ಮಾಡುವ ಕೆಲಸ ಕೈಗೆ ಅಂಟಿಬಿಟ್ಟಿತ್ತು. ಮನೆಯ ಶೇಂಗಾ ಚಟ್ನಿಗೂ, ಸೌಥಾಲಿನ ಭಾರತೀಯರ ಅಂಗಡಿಯಿಂದ ತಂದ ಮೆಂತ್ಯ ಸೊಪ್ಪಿಗೂ, ಒಮ್ಮೆ ದೇವರ ಮುಂದಿನ ಬಾಳೆಹಣ್ಣಿಗೂ ಚೀಟಿ ಬಿದ್ದು ಶರಣಪ್ಪ ರೇಗಿದ್ದ. ಅವತ್ತು ಕೌಂಟರಿನಲ್ಲೂ ಕೈ ತನ್ನಷ್ಟಕ್ಕೆ ಯೂನಿಫಾರ್ಮಿನ ಜೇಬಿಗೆ ಹೋಗಿ ಚೀಟಿ ಅಂಟಿಸಿತ್ತು. ಉಂಡ ಮೇಲೆ ಕೈ ತೊಳೆದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳೂ ಇಟ್ಟುಕೊಂಡಿರಲಿಲ್ಲ.

ಮಿಸೆಸ್ ಕಾರ್ಟರ್ ಕನ್ನಡಕ ಏರಿಸಿ ಓದಿದರು. ಬುಧವಾರ, ನವೆಂಬರ್ ಇಪ್ಪತ್ತು, ಮೂರು ಗಂಟೆ ಹತ್ತು ನಿಮಿಷ. ಕೆಳಗೆ ಎರಡು ಸಹಿ. ಎರಡನೆಯದರ ಮೇಲೆ ಅವರ ಬೆರಳು ಬಹಳ ಹೊತ್ತು ನಿಂತಿತು.

"ಈ ಸಹಿ ನನಗೆ ಗೊತ್ತು. ಆಗ ನಮ್ಮ ಕೌಂಟರಿನಲ್ಲಿದ್ದ ಹುಡುಗಿಯದು," ಎಂದರು. ಲಕೋಟೆ ಇಪ್ಪತ್ತೈದರ ಸೋಮವಾರದವರೆಗೆ ಕೌಂಟರಿನ ಟ್ರೇಯಲ್ಲೇ ಬಿದ್ದಿರಬೇಕು, ತಪ್ಪು ನಮ್ಮದು, ತಲುಪಿದ ತಾರೀಕನ್ನು ತಿದ್ದುತ್ತೇವೆ, ಹಳೆಯ ರಿಯಾಯಿತಿಯೇ ನಿಮಗೆ ಅನ್ವಯಿಸುತ್ತದೆ ಎಂದೂ ಹೇಳಿದರು. ಆಮೇಲೆ ಬಿಳಿ ಹಾಳೆಯೊಂದನ್ನು ಮುಂದಿಟ್ಟು, ಅವತ್ತು ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದುಕೊಡಿ ಎಂದು ಕೇಳಿಕೊಂಡರು.

ಶರಣಪ್ಪ ಹೆಂಡತಿಯ ಮುಖ ನೋಡಿದ. ಐದು ತಿಂಗಳ ಭಾರ ಇಳಿದು ಅವನ ಕಣ್ಣು ತುಂಬಿತ್ತು. "ನನ್ನ ಬುಧವಾರದಿಂದ ಇಷ್ಟೆಲ್ಲಾ ಆತು," ಎಂದ ಮೆಲ್ಲಗೆ.

"ಬುಧವಾರ ಚಲೋನ ಇತ್ತು ಬಿಡ್ರಿ," ಎಂದಳು ನೀಲವ್ವ.

ನಾಲ್ಕು ಸಾಲು ಬರೆದು ಸಹಿ ಹಾಕಿದಳು. ಮಿಸೆಸ್ ಕಾರ್ಟರ್ ಹಾಳೆಗೆ ಕೈ ಚಾಚಿದರು. ನೀಲವ್ವ ಕೊಡಲಿಲ್ಲ. ಕೋಟಿನ ಜೇಬಿನಿಂದ ಗುರುವಾರದ ಕಂದು ಚೀಟಿಯ ಸುರುಳಿ ತೆಗೆದು, ಒಂದನ್ನು ಹಾಳೆಯ ಮೂಲೆಗೆ ಅಂಟಿಸಿ, ಉಗುರಿನಿಂದ ಉಜ್ಜಿ, ತಾರೀಕು ಬರೆದು ಪೆನ್ನು ಮುಂದೆ ಹಿಡಿದಳು. ಅವರು ಒಂದು ಕ್ಷಣ ಅವಳನ್ನೇ ನೋಡಿ, ತುಟಿಯಂಚಿನಲ್ಲಿ ನಕ್ಕು ಸಹಿ ಮಾಡಿದರು.

ಶರಣಪ್ಪ ಕುರ್ಚಿಯಿಂದ ಮುಂದೆ ಬಾಗಿ ಚೀಟಿಯನ್ನು ಸೂಕ್ಷ್ಮವಾಗಿ ನೋಡಿದ.

"ಟೈಮ್ ಹಾಕಿಲ್ಲಲ್ಲ. ಬರಸು," ಎಂದ.

ನೀಲವ್ವ ಬೆರಳಿಟ್ಟು ಜಾಗ ತೋರಿಸಿದಳು. ಮಿಸೆಸ್ ಕಾರ್ಟರ್ ಗೋಡೆಯ ಗಡಿಯಾರದತ್ತ ಕತ್ತು ತಿರುಗಿಸಿ, ಹನ್ನೊಂದು ನಲವತ್ತು ಎಂದು ಬರೆದರು.